ತಾನೇ ಓಡುವ ಕಾರಿಗೆ ಒಪ್ಪಿಗೆ ಕೊಡುವವರು ಯಾರು?

ಪ್ರಶ್ನೆ:
ನಮಗೆ ಲೈಸೆನ್ಸ್ ಬೇಕಾದರೆ ಅಧಿಕಾರಿ ಎದುರು ಗಾಡಿ ಓಡಿಸಿ ತೋರಿಸಬೇಕು. ಚಾಲಕನೇ ಇಲ್ಲದ ಕಾರಿಗೆ ಆ ಪರೀಕ್ಷೆ ಯಾರು ಮಾಡುತ್ತಾರೆ? ಕಂಪನಿ ಹೇಳಿದ್ದನ್ನು ಸರ್ಕಾರ ಸುಮ್ನೆ ನಂಬುತ್ತದಾ?

ಉತ್ತರ 1:
ದೇಶಕ್ಕೊಂದು ರೀತಿ. ಅಮೆರಿಕದಲ್ಲಿ ಸುರಕ್ಷತಾ ನಿಯಮ ಪಾಲಿಸಿದ್ದೇವೆ ಅಂತ ಕಂಪನಿಯೇ ಬರೆದುಕೊಡುತ್ತದೆ, ದೋಷ ಕಂಡರೆ ಆಮೇಲೆ ಕಾರುಗಳನ್ನು ವಾಪಸ್ ಕರೆಸುತ್ತಾರೆ. ಯುರೋಪಿನಲ್ಲಿ ಉಲ್ಟಾ, ಮೊದಲು ಪರೀಕ್ಷೆ, ಆಮೇಲೆ ಮಾರಾಟ. 2021ರಿಂದ ಅಮೆರಿಕದಲ್ಲೂ ಇಂಥ ಕಾರುಗಳ ಅಪಘಾತ ವರದಿ ಕಡ್ಡಾಯ.

ಉತ್ತರ 2:
'ಆಮೇಲೆ' ಅನ್ನುವುದೇ ನನಗೆ ಭಯ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಗುದ್ದಿದ್ದರಿಂದ ಒಬ್ಬ ಮಹಿಳೆ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಅದು ಬ್ರೇಕ್ ಹಾಕಿ ನಿಂತಿತು, ಸರಿ. ಆದರೆ ಆಮೇಲೆ ರಸ್ತೆ ಬದಿಗೆ ಸರಿಯಲು ಹೊರಟು, ಕೆಳಗೆ ಸಿಕ್ಕಿಕೊಂಡಿದ್ದ ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು! ಅದೇ ತಿಂಗಳು ಕ್ಯಾಲಿಫೋರ್ನಿಯಾ ರಾಜ್ಯ ಆ ಕಂಪನಿಯ ಪರವಾನಗಿ ಅಮಾನತು ಮಾಡಿತು.

ಉತ್ತರ 3:
ಅದಕ್ಕೇ ಕಾರಿನ ವಿಡಿಯೋ, ಸೆನ್ಸರ್ ದಾಖಲೆ ಪೂರ್ತಿಯಾಗಿ ತನಿಖೆ ಮಾಡುವವರ ಕೈಗೆ ಸಿಗಬೇಕು, ಕಂಪನಿ ಆರಿಸಿ ಕೊಟ್ಟಷ್ಟೇ ಅಲ್ಲ. ಇನ್ನೊಂದು, ಇವತ್ತು ಪಾಸಾದ ಕಾರಿಗೆ ನಾಳೆ ಹೊಸ ಸಾಫ್ಟ್‌ವೇರ್ ಬರುತ್ತದೆ. ಆಗ ಮತ್ತೆ ಪರೀಕ್ಷೆ ಬೇಡ್ವಾ?