ಪದಚರ್ಚೆ: ಕ್ಲೌಡಿನಲ್ಲಿ ಬರುವ ‘ಕಾನ್ಫಿಗರೇಶನ್ ಎರರ್’ಗೆ ಕನ್ನಡದ ಮಾತು ಯಾವುದು?

ಬಲ್ಲವರಿಗೆ ವಂದನೆಗಳು.

ಪೈಥಾನಿನಲ್ಲಿ ಬರೆದ ವೆಬ್ ಆ್ಯಪನ್ನು ಕ್ಲೌಡಿಗೆ ಡಿಪ್ಲಾಯ್ ಮಾಡುವಾಗ (ಅಂದರೆ ಇಂಟರ್‌ನೆಟ್ಟಿನ ಬಾಡಿಗೆ ಸರ್ವರಿನಲ್ಲಿ ಓಡುವಂತೆ ಇಡುವಾಗ) ಎದುರಾಗುವ ತೊಡಕುಗಳನ್ನು ಬಿಡಿಸಿಕೊಳ್ಳಲು ನೆರವಾಗುವ ಒಂದು ಕೈಪಿಡಿಯನ್ನು ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ಹೈಸ್ಕೂಲಿನ ಐಟಿ ಪಾಠಗಳಲ್ಲಿಯೇ ಇವರಿಗೆ ಪೈಥಾನಿನ ಪರಿಚಯ ಆಗಿರುವುದರಿಂದ ಪ್ರೋಗ್ರಾಮಿನ ವಿಷಯ ವಿವರಿಸುವುದು ಕಷ್ಟವಾಗಲಿಲ್ಲ. ‘ಕಾನ್ಫಿಗರೇಶನ್ ಎರರ್’ ಎಂಬ ಮಾತಿನ ಬಳಿ ಬಂದಾಗ ಬರವಣಿಗೆ ನಿಂತಿದೆ.

ಮೊದಲು ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ಹೆರೊಕು ಎಂಬ ಕ್ಲೌಡ್ ಸೇವೆಯ ಎಂಜಿನಿಯರರು ವೆಬ್ ಆ್ಯಪುಗಳಿಗಾಗಿ ರೂಪಿಸಿದ ‘ಟ್ವೆಲ್ವ್ ಫ್ಯಾಕ್ಟರ್’ ಎಂಬ ಹನ್ನೆರಡು ಸೂತ್ರಗಳಲ್ಲಿ ಮೂರನೆಯದು ಇದನ್ನೇ ಕುರಿತದ್ದು: ಒಂದೇ ಕೋಡ್ ಬೇರೆ ಬೇರೆ ಕಡೆ ಓಡುವಾಗ ಏನೇನು ಬದಲಾಗುತ್ತದೆಯೋ ಅದೆಲ್ಲವೂ ಕಾನ್ಫಿಗರೇಶನ್, ಮತ್ತು ಅದು ಕೋಡಿನ ಹೊರಗೆ ಇರಬೇಕು. ಡೇಟಾಬೇಸಿನ ವಿಳಾಸ, ಪಾಸ್‌ವರ್ಡ್, ಪೋರ್ಟಿನ (ಕರೆಗಳು ಒಳಬರುವ ಬಾಗಿಲಿನ) ಸಂಖ್ಯೆ, ಆ್ಯಪಿನ ಗುಟ್ಟಿನ ಕೀಲಿ ಇವೆಲ್ಲ ಈ ಗುಂಪಿನವು. ಆದ್ದರಿಂದ ಕಾನ್ಫಿಗರೇಶನ್ ಎರರ್ ಎಂದರೆ, ಬರೆದ ಕೋಡಿನಲ್ಲಿ ತಪ್ಪಿಲ್ಲದಿದ್ದರೂ ಅದು ಓಡುವ ಜಾಗಕ್ಕೆ ಬೇಕಾದ ಬೆಲೆಗಳನ್ನು (ವ್ಯಾಲ್ಯೂಗಳನ್ನು) ಕೊಡದೆ ಇರುವುದರಿಂದ ಅಥವಾ ತಪ್ಪಾಗಿ ಕೊಟ್ಟಿರುವುದರಿಂದ ಉಂಟಾಗುವ ದೋಷ. ನಾವು ಆರಿಸುವ ಪದ ಈ ವ್ಯತ್ಯಾಸವನ್ನು ಮರೆಮಾಡಿದರೆ, ಓದುವವನು ಸರಿಯಾಗಿಯೇ ಇರುವ ಕೋಡನ್ನು ತಿದ್ದಲು ಕುಳಿತುಬಿಡುತ್ತಾನೆ. ನನ್ನ ಕಾಳಜಿಯೆಲ್ಲ ಇದೇ.

ಚಾಲ್ತಿಯಲ್ಲಿರುವ ‘ಸಂರಚನೆ’ಯನ್ನು ಕಂಪ್ಯೂಟರ್ ಅನುವಾದಗಳಲ್ಲಿ ಕಾಣುತ್ತೇವೆ. ಆದರೆ ಶಾಲೆಯಲ್ಲಿ ಅಣುವಿನ ಸಂರಚನೆ, ಸಮಾಜದ ಸಂರಚನೆ ಎಂದು ಕಲಿತವರಿಗೆ ಅದು ಒಳಗಿನ ಕಟ್ಟಡವನ್ನು ಸೂಚಿಸುತ್ತದೆ. ‘ಸಂರಚನೆಯ ದೋಷ’ ಎಂದರೆ ಆ್ಯಪನ್ನು ಕಟ್ಟಿದ ರೀತಿಯೇ ತಪ್ಪು ಎಂದಾಗುತ್ತದೆ. ಅಂದರೆ ನಾವು ಹೇಳಬೇಕಾದುದಕ್ಕೆ ತೀರ ವಿರುದ್ಧ.

ಗಡಿನಾಡಿನಲ್ಲಿ ಇನ್ನೊಂದು ಸಮಸ್ಯೆಯಿದೆ, ಅದನ್ನು ತುಸು ವಿವರವಾಗಿ ಹೇಳಬೇಕು. ಮಲಯಾಳದಲ್ಲಿ ಪೊಲೀಸರನ್ನು ಒಂದು ಕಡೆ ನಿಲ್ಲಿಸಿದರೂ, ಸಾಫ್ಟ್‌ವೇರನ್ನು ಸರ್ವರಿನಲ್ಲಿ ನೆಲೆಗೊಳಿಸಿದರೂ ‘ವಿನ್ಯಾಸ’ ಎಂಬ ಮಾತನ್ನೇ ಬಳಸುತ್ತಾರೆ. ಕನ್ನಡದಲ್ಲಿ ವಿನ್ಯಾಸವೆಂದರೆ ಡಿಸೈನ್. ಎರಡೂ ಭಾಷೆಯ ಪತ್ರಿಕೆಗಳನ್ನು ಓದಿಕೊಂಡು ಬೆಳೆದ ಕುಂಬಳೆಯ ವಿದ್ಯಾರ್ಥಿಯೊಬ್ಬ ‘ವಿನ್ಯಾಸದಲ್ಲಿ ದೋಷ ಬರುತ್ತಿದೆ’ ಎಂದು ಮಂಗಳೂರಿನ ಗೆಳೆಯನಿಗೆ ಬರೆದ. ಆ ಗೆಳೆಯ ಪುಟದ ಬಣ್ಣ, ಅಕ್ಷರದ ಗಾತ್ರ, ಸಿಎಸ್‌ಎಸ್ ಫೈಲುಗಳನ್ನು ಒಂದೊಂದಾಗಿ ಪರೀಕ್ಷಿಸಿದ. ನಿಜವಾದ ಕಾರಣವೆಂದರೆ, ಜ್ಯಾಂಗೊದಲ್ಲಿ (ಪೈಥಾನಿನಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಕಟ್ಟಿದ ಆ ಆ್ಯಪ್ ಯಾವ ವಿಳಾಸಗಳಿಗೆ ಬಂದ ಕೋರಿಕೆಯನ್ನು ಒಪ್ಪಬೇಕೆಂದು ಹೇಳುವ ‘ಅಲೌಡ್ ಹೋಸ್ಟ್ಸ್’ ಪಟ್ಟಿಯಲ್ಲಿ ಕ್ಲೌಡ್ ಕೊಟ್ಟ ಹೊಸ ವಿಳಾಸವನ್ನು ಸೇರಿಸಿರಲಿಲ್ಲ. ಹಾಗಾಗಿ ಬಂದ ಪ್ರತಿಯೊಂದು ಕೋರಿಕೆಗೂ 400, ಅಂದರೆ ‘ಕೋರಿಕೆ ಸರಿಯಿಲ್ಲ’ ಎಂಬ ಉತ್ತರ ಹೋಗುತ್ತಿತ್ತು. ಮಲಯಾಳದವರು ಸೆಟ್ಟಿಂಗ್‌ಗಳಿಗೆ ಬಳಸುವ ‘ಕ್ರಮೀಕರಣ’ ಇಲ್ಲಿಯ ಮಕ್ಕಳಿಗೆ ತಿಳಿಯುತ್ತದೆ, ಘಟ್ಟದ ಮೇಲಿನವರಿಗೆ ತಿಳಿಯುವುದೆಂಬ ಭರವಸೆ ನನಗಿಲ್ಲ. ‘ಸಜ್ಜು’ ಎಂಬುದರಿಂದ ‘ಸಜ್ಜಿಕೆ’ಯನ್ನು ಕಟ್ಟಬಹುದೆಂದು ಹಿರಿಯರೊಬ್ಬರು ಸೂಚಿಸಿದರು, ರವೆಯ ಸಜ್ಜಿಗೆಯನ್ನು ಬೆಳಗಿನ ತಿಂಡಿಯಾಗಿ ತಿನ್ನುವ ನಮ್ಮ ಸೀಮೆಯಲ್ಲಿ ಅದು ಕಿವಿಗೆ ಬೇರೆಯಾಗಿಯೇ ಬೀಳುತ್ತದೆ.

ಈ ಬೆಲೆಗಳನ್ನು ಕೋಡಿನ ಹೊರಗಿನಿಂದ ಆ್ಯಪಿಗೆ ತಲುಪಿಸುವ ‘ಎನ್ವಿರಾನ್ಮೆಂಟ್ ವೇರಿಯಬಲ್’ ಇನ್ನೂ ಕಠಿಣವಾದದ್ದು. ‘ಪರಿಸರ ಚರಾಕ್ಷರ’ ಎಂದು ಬರೆದರೆ ಮೊದಲ ಪದ ಗಿಡಮರಗಳ ಕಡೆಗೂ ಎರಡನೆಯದು ಬೀಜಗಣಿತದ ಕಡೆಗೂ ಎಳೆಯುತ್ತದೆ. ವಾಸ್ತವದಲ್ಲಿ ಅದು ಒಂದು ಹೆಸರು ಮತ್ತು ಅದಕ್ಕೆ ಕೊಟ್ಟ ಬೆಲೆ, ಎರಡೂ ಬರಿಯ ಅಕ್ಷರಗಳ ಸಾಲುಗಳು. ಈ ‘ಅಕ್ಷರಗಳ ಸಾಲು’ ಎಂಬ ಅಂಶ ಪದದಲ್ಲಿ ಅಡಗಿರಬೇಕೆಂದು ನಾನು ಬಯಸುವುದಕ್ಕೆ ಕಾರಣವಿದೆ. ದೋಷದ ವಿವರಗಳನ್ನು ಪುಟದಲ್ಲಿಯೇ ತೋರಿಸಬೇಕೇ ಎಂದು ಹೇಳುವ ‘ಡಿಬಗ್’ ಎಂಬ ಹೆಸರಿಗೆ ‘ಫಾಲ್ಸ್’ ಎಂದು ಬೆಲೆ ಕೊಟ್ಟು, ಕೋಡಿನಲ್ಲಿ ಅದನ್ನು ಹಾಗೆಯೇ ಎತ್ತಿಕೊಂಡರೆ, ಪೈಥಾನಿಗೆ ಸಿಗುವುದು ಸುಳ್ಳು ಎಂಬ ತಾರ್ಕಿಕ ಬೆಲೆಯಲ್ಲ, ಐದು ಇಂಗ್ಲಿಷ್ ಅಕ್ಷರಗಳ ಒಂದು ಪದ. ಖಾಲಿಯಲ್ಲದ ಯಾವ ಪದವನ್ನಾದರೂ ಪೈಥಾನ್ ನಿಜವೆಂದೇ ಎಣಿಸುವುದರಿಂದ, ನಿಲ್ಲಿಸಿದೆವೆಂದುಕೊಂಡ ಡಿಬಗ್ ಚಾಲೂ ಆಗಿಯೇ ಉಳಿದು, ದೋಷ ಬಂದಾಗಲೆಲ್ಲ ಆ್ಯಪಿನ ಒಳವಿವರಗಳು ಹೊರಗಿನವರ ಕಣ್ಣಿಗೆ ಬೀಳುತ್ತವೆ. ಆ ಬೆಲೆಯನ್ನು ‘ಟ್ರೂ’ ಎಂಬ ಪದದೊಡನೆ ಹೋಲಿಸಿ ನೋಡುವ ಒಂದು ಸಾಲು ಕೋಡಿನಲ್ಲಿದ್ದರೆ ಈ ತೊಡಕು ಇರುವುದಿಲ್ಲ. ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ ‘ಹೊರಗಿನ ಬೆಲೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಗುಟ್ಟಿನ ಕೀಲಿಗೆ ಹೊರಗಿನ ಬೆಲೆ ಸಿಗದೆ ಅದು ಖಾಲಿಯಾಗಿ ಉಳಿದರೆ ಜ್ಯಾಂಗೊ ‘ಇಂಪ್ರಾಪರ್ಲಿ ಕಾನ್ಫಿಗರ್ಡ್’ ಎಂದು ಹೇಳಿ, ಆ ಕೀಲಿ ಮೊದಲ ಸಲ ಬೇಕಾದಲ್ಲಿಯೇ ನಿಲ್ಲುತ್ತದೆ. ಆ ವಾಕ್ಯವನ್ನು ‘ಸರಿಯಾಗಿ ಹೊಂದಿಸಿಲ್ಲ’ ಎಂದು ಕನ್ನಡಿಸಿದಾಗ ಯಾರಿಗೂ ಸಂದೇಹ ಬರಲಿಲ್ಲ.

ಸರ್ವರ್ ಯಾವ ವಿಳಾಸ, ಯಾವ ಪೋರ್ಟಿನಲ್ಲಿ ಕರೆಗಾಗಿ ಕಾಯಬೇಕೆಂದು ಗೊತ್ತುಮಾಡುವ ‘ಬೈಂಡ್’ ಎಂಬುದನ್ನು ‘ಬಂಧಿಸು’ ಎನ್ನುವುದು ಬೇಡ, ಅದು ಠಾಣೆಯ ಮಾತು. ಗನಿಕಾರ್ನ್ ಎಂಬ ಸರ್ವರಿಗೆ ನಾವು ಏನೂ ಹೇಳದಿದ್ದರೆ, ಕ್ಲೌಡ್ ‘ಪೋರ್ಟ್’ ಎಂಬ ಹೊರಗಿನ ಬೆಲೆಯನ್ನು ಕೊಡದೆ ಇರುವಾಗ, ಅದು 127.0.0.1 ಎಂಬ ವಿಳಾಸದ 8000ನೆಯ ಪೋರ್ಟಿನಲ್ಲಿ ಕಾಯುತ್ತದೆ, ಅಂದರೆ ತನ್ನದೇ ಯಂತ್ರದೊಳಗಿನ ಕರೆಗಷ್ಟೇ ಓಗೊಡುತ್ತದೆ. ಹೊರಗಿನ ಕರೆಗೂ ಓಗೊಡಬೇಕಾದರೆ 0.0.0.0 ಎಂದೂ ಕ್ಲೌಡ್ ಒದಗಿಸುವ ಪೋರ್ಟನ್ನೂ ಹೇಳಬೇಕು. ‘ಓಗೊಡುವ ವಿಳಾಸ’ ಎಂಬ ಮಾತು ಇಲ್ಲಿ ಚೆನ್ನಾಗಿ ಒಪ್ಪುತ್ತದೆಂದು ನನಗೆ ಅನ್ನಿಸುತ್ತದೆ.

‘ಡಿಪ್ಲಾಯ್’ ಎಂಬುದನ್ನು ನಾನು ಹಾಗೆಯೇ ಇಟ್ಟುಕೊಂಡಿದ್ದೇನೆ. ‘ನಿಯೋಜನೆ’ ತಪ್ಪಲ್ಲ, ಆದರೆ ಅದನ್ನು ಕೇಳಿದವರಿಗೆ ಚುನಾವಣೆಯ ಕೆಲಸಕ್ಕೆ ಹೋಗುವ ಶಿಕ್ಷಕರೇ ನೆನಪಾಗುತ್ತಾರೆ.

ಕಾನ್ಫಿಗರೇಶನ್ ವಿಷಯದಲ್ಲಿ ನನ್ನ ಒಲವು ‘ಹೊಂದಿಸು’ ಎಂಬ ಕ್ರಿಯಾಪದದ ಕಡೆಗೆ. ಗಡಿಯಾರದ ಮುಳ್ಳನ್ನು ಹೊಂದಿಸುವುದು ಎಲ್ಲ ಸೀಮೆಯ ಕನ್ನಡಿಗರಿಗೂ ತಿಳಿದ ಮಾತು, ಮತ್ತು ಗಡಿಯಾರ ಕೆಟ್ಟಿಲ್ಲ, ಹೊಂದಿಸಿದ್ದು ತಪ್ಪಿದೆ ಎಂಬ ಸೂಚನೆಯೂ ಅದರೊಳಗೇ ಇದೆ. ಆದರೆ ಅದರಿಂದ ನಾಮಪದ ಮಾಡಹೊರಟರೆ ‘ಹೊಂದಿಕೆ’, ‘ಹೊಂದಾಣಿಕೆ’ ಎಂದಾಗಿ, ಒಂದರೊಡನೊಂದು ಒಗ್ಗುವುದು ಎಂಬ ಬೇರೆ ಅರ್ಥಕ್ಕೆ ಜಾರುತ್ತದೆ. ಹಾಗಾದರೆ ತಲೆಬರಹದಲ್ಲಿ ‘ಹೊಂದಿಸುವಲ್ಲಿನ ದೋಷಗಳು’ ಎಂದು ಬರೆಯಬಹುದೇ, ಅಥವಾ ನಾಮಪದವಾಗಿ ‘ಕಾನ್ಫಿಗರೇಶನ್’ ಎಂಬುದನ್ನು ಉಳಿಸಿಕೊಂಡು ಕ್ರಿಯಾಪದವಾಗಿ ಮಾತ್ರ ‘ಹೊಂದಿಸು’ ಎನ್ನುವುದು ಮೇಲೇ? ಸೊಲ್ಲಾಪುರ, ಹೊಸೂರು, ಮಡಕಶಿರ ಕಡೆಯ ಕನ್ನಡಿಗರು ಮರಾಠಿ, ತಮಿಳು, ತೆಲುಗಿನ ನೆರಳಿನಲ್ಲಿ ಈ ಮಾತನ್ನು ಹೇಗೆ ಕೇಳುತ್ತಾರೆಂಬುದನ್ನೂ ದಯವಿಟ್ಟು ತಿಳಿಸಬೇಕು.