ಕಲ್ಲುಬೆಟ್ಟದ ಬೇಸಿಗೆಯನ್ನು ವರ್ಣಿಸುವುದು ಹೇಗೆ?

ಪ್ರಶ್ನೆ (ಕೋಲಾರದಿಂದ):
ಅಂತರಗಂಗೆ ಬೆಟ್ಟದಲ್ಲಿ ನಡೆಯುವ ಒಂದು ಸಣ್ಣಕಥೆಯನ್ನು ಬರೆಯುತ್ತಿದ್ದೇನೆ. ಮೇ ತಿಂಗಳ ಒಂದು ಮಧ್ಯಾಹ್ನ, ಕಥೆಯ ಹುಡುಗ ಕುರಿಗಳನ್ನು ಹೊಡೆದುಕೊಂಡು ಬೆಟ್ಟ ಹತ್ತುತ್ತಾನೆ. ಮಂಜು, ತೊರೆ, ದಟ್ಟ ಕಾಡು ನಮ್ಮ ಸೀಮೆಯವಲ್ಲ. ಬಸವನ ಬಾಯಿಂದ ವರ್ಷವಿಡೀ ಬೀಳುವ ನೀರೊಂದನ್ನು ಬಿಟ್ಟರೆ ಉಳಿದದ್ದು ಬಂಡೆ, ಕುರುಚಲು ಗಿಡ, ಬಿಸಿಲು. ‘ಸುಡುವ ಬಿಸಿಲು’, ‘ಬೋಳುಬೆಟ್ಟ’ ಎಂಬ ಸವೆದ ಮಾತುಗಳನ್ನು ಬಿಟ್ಟು, ಓದುಗರ ಕಣ್ಣಿಗೆ ಕಟ್ಟುವಂತೆ ಇದನ್ನು ಬರೆಯುವ ಬಗೆ ಯಾವುದು?

ಉತ್ತರ (ಮಧುಗಿರಿಯಿಂದ):
ಗುಣವಾಚಕಗಳನ್ನು ಬದಿಗಿಟ್ಟು ಕ್ರಿಯಾಪದಗಳಿಂದ ಆರಂಭಿಸಿ. ‘ಬೋಳು’ ಎಂದು ಬರೆದ ಕ್ಷಣವೇ ನಾವು ನೋಡುವುದನ್ನು ನಿಲ್ಲಿಸಿರುತ್ತೇವೆ. ನಮ್ಮೂರಿನ ಏಕಶಿಲಾ ಬೆಟ್ಟದ ಮೈಮೇಲೆ ಉದ್ದಕ್ಕೂ ಇಳಿದಿರುವ ಕಪ್ಪು ಪಟ್ಟೆಗಳು ಮಳೆನೀರು ಹರಿದು ಮಾಡಿಕೊಂಡ ದಾರಿಗಳು, ಆದ್ದರಿಂದ ಒಣಬೇಸಿಗೆಯಲ್ಲೂ ಬಂಡೆಯ ಮೇಲೆ ಮಳೆಯ ಗುರುತನ್ನು ತೋರಿಸಬಹುದು. ಇಂಥ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ. ಬಿಟ್ಟ ಪದರದ ಮೇಲೆ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತದೆ. ಅದೇ ಬಂಡೆಯ ಮೇಲೆ, ಸಂತಾನಕಾಲದ ಗಂಡು ಓತಿಕ್ಯಾತ ಬೆನ್ನನ್ನು ಕೆಂಪೇರಿಸಿ, ಕಪ್ಪು ಪಕ್ಕೆಗಳನ್ನು ತೋರುತ್ತ, ಮುಂಗಾಲೂರಿ ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತದೆ. ಬೆಟ್ಟದ ಬುಡದಲ್ಲಿ ಹೊಂಗೆಯಿದ್ದರೆ ಅದನ್ನು ಮರೆಯಬೇಡಿ: ಸುತ್ತಲಿನ ಹುಲ್ಲೆಲ್ಲ ಒಣಗಿರುವಾಗ ಅದು ಹೊಸ ಎಲೆ ತಳೆದು ನಿಂತಿರುತ್ತದೆ, ಅದರ ನಸುನೇರಳೆ ಬೆರೆತ ಬಿಳಿ ಹೂವು ನೆರಳಿನಷ್ಟಗಲಕ್ಕೂ ಉದುರಿರುತ್ತದೆ.

ಉತ್ತರ (ಚಿಕ್ಕಬಳ್ಳಾಪುರದಿಂದ):
ಮೇಲಿನ ವಿವರಗಳು ಚೆನ್ನಾಗಿವೆ. ಆದರೆ ಎಲ್ಲವನ್ನೂ ತುಂಬಿದರೆ ಕಥೆ ಉಳಿಯುವುದಿಲ್ಲ. ನೋಡುತ್ತಿರುವವರು ಯಾರು ಎಂಬುದನ್ನು ಮೊದಲು ನಿರ್ಧರಿಸಬೇಕೆಂದು ನನ್ನ ಖಚಿತ ಅಭಿಪ್ರಾಯ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಬಂದವರಿಗೆ ಬಂಡೆ ಬರಿಯ ಹಿನ್ನೆಲೆ. ಕಲ್ಲುಕುಟಿಗನಿಗೆ ಅದೇ ಬಂಡೆಯಲ್ಲಿ ಉಳಿ ಹೊಡೆಯಬೇಕಾದ ಎಳೆ ಕಾಣುತ್ತದೆ. ನಿಮ್ಮ ಹುಡುಗನಿಗೆ ಬೇಕಾದದ್ದು ನೆರಳು, ನೀರು, ಕುರಿಗಳ ಲೆಕ್ಕ. ಹೀಗೆ ಬರೆದು ನೋಡಿ: ‘ನೆರಳು ಬಂಡೆಯ ಬುಡಕ್ಕೆ ಸರಿದಿತ್ತು. ಕುರಿಗಳು ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಂತವು. ಅವನು ಬಾಲಗಳನ್ನು ಎಣಿಸಿದ.’ ಬಿಸಿಲು ಎಂಬ ಪದವೇ ಇಲ್ಲದೆ ಹೊತ್ತೂ ತಿಳಿಯುತ್ತದೆ, ಝಳವೂ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ವಾಸನೆಯನ್ನೂ ತರಬೇಕೆಂಬ ಆಸೆಯಿದೆ; ಅವರೆಕಾಯಿಯ ಸೊಗಡನ್ನು ಎಲ್ಲಾದರೂ ಸೇರಿಸಬಹುದೇ?

ಉತ್ತರ (ಶಿರಾದಿಂದ):
ಮೇ ತಿಂಗಳಿನಲ್ಲಿ ಬೇಡ. ಬೆರಳಿಗೆ ಅಂಟಿ ಹೋಗದ ಆ ಸೊಗಡು ಇಬ್ಬನಿ ಬೀಳುವ ಚಳಿಗಾಲದ್ದು. ಬಯಲುಸೀಮೆಯ ಓದುಗರು ಇಂಥ ತಪ್ಪನ್ನು ಕೂಡಲೇ ಹಿಡಿಯುತ್ತಾರೆ. ನಿಮ್ಮ ಕಥೆಯ ಕಾಲಕ್ಕೆ ಕುರಿಯ ಉಣ್ಣೆಯ ಬೆವರು, ಹಿಕ್ಕೆ, ಒಣಹುಲ್ಲುಗಳ ವಾಸನೆಯೇ ಸಾಕು. ಒಂದು ಸೂಚನೆ: ಹುಡುಗನ ಮನೆಯವರು ‘ಮೇ ತಿಂಗಳು’ ಎನ್ನುವುದಿಲ್ಲ, ಭರಣಿ ಕಳೆಯಿತು, ಕೃತ್ತಿಕೆ ಹುಟ್ಟಿತು ಎಂದು ಮಳೆಯ ಲೆಕ್ಕದಲ್ಲಿ ಮಾತನಾಡುತ್ತಾರೆ. ಸಂಭಾಷಣೆಯಲ್ಲಿ ಅದನ್ನು ಬಳಸಿದರೆ ಋತುವಿನ ವರ್ಣನೆಗೆ ಬೇರೆ ವಾಕ್ಯವೇ ಬೇಕಾಗುವುದಿಲ್ಲ.