ಅಪ್‌ಡೇಟ್: ಹಳೇ ಕ್ಲಾಸ್‌ಮೇಟ್‌ಗಳ ಜೊತೆ ಟ್ರಿಪ್ ಹೋಗಿ ಬಂದೆವು

ಯೂನಿವರ್ಸಿಟಿಯ ಹಳೇ ಗೆಳೆಯರೆಲ್ಲ ಸೇರಿ ಟ್ರಿಪ್ ಹೋಗೋಣ ಅಂತಿದ್ದೇವೆ, ಎಲ್ಲರ ಸಂಪಾದನೆ ಒಂದೇ ಥರ ಇಲ್ಲ, ಯಾರಿಗೂ ಮುಜುಗರ ಆಗದ ಹಾಗೆ ಖರ್ಚು ಹಂಚೋದು ಹೇಗೆ ಅಂತ ಕೇಳಿದ್ದೆ. ಟ್ರಿಪ್ ಮುಗಿಯಿತು. ತುಂಬಾ ಚೆನ್ನಾಗಿತ್ತು!

ಹೆಸರು ಹಾಕದೆ ಉತ್ತರ ಕೊಡೋ ಹಾಗೆ ಮಾಡಿ ಅಂತ ಒಬ್ಬರು ಹೇಳಿದ್ದಿರಲ್ಲ, ಅದೇ ಕೆಲಸಕ್ಕೆ ಬಂತು. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಕೇಳದೆ, 'ಹೆಚ್ಚೆಂದರೆ ಎಷ್ಟು ಹಾಕಬಹುದು?' ಅಂತ ಒಂದೇ ಪ್ರಶ್ನೆ ಇಟ್ಟೆ. ಬಂದ ಉತ್ತರಗಳಲ್ಲಿ ಎಲ್ಲಕ್ಕಿಂತ ಕಡಿಮೆ ಮೊತ್ತವನ್ನೇ ಮಿತಿ ಮಾಡಿಕೊಂಡೆವು. ಸರಾಸರಿ ತೆಗೆದಿದ್ದರೆ ಒಂದಿಬ್ಬರು ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು, ಅದಂತೂ ಖಂಡಿತ. ರೂಮು, ಗಾಡಿ ಎಲ್ಲರ ಲೆಕ್ಕಕ್ಕೆ. ಉಳಿದದ್ದು ಬೇಕಾದವರು ಮಾತ್ರ. ಖರ್ಚು ಹಂಚಿಕೊಳ್ಳೋ ಆ್ಯಪ್ ಸ್ಪ್ಲಿಟ್‌ವೈಸ್‌ನಲ್ಲಿ ಅವತ್ತಿನದ್ದು ಅವತ್ತೇ ಬರೆದೆವು.

ಗುರುತು ಸಿಗುತ್ತೋ ಇಲ್ವೋ ಅನ್ನೋ ಅಳುಕೂ ಇತ್ತು. ಮುಖ ನೋಡಿದ ಕೂಡಲೇ ಗೊತ್ತಾಯಿತು, ಕೆಲವರ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಇದು ಸಹಜವೇ. 1975ರಲ್ಲಿ ಮನಃಶಾಸ್ತ್ರಜ್ಞ ಹ್ಯಾರಿ ಬಾರಿಕ್ ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ, ಶಾಲೆ ಬಿಟ್ಟು 30 ವರ್ಷ ದಾಟಿದವರೂ ಸಹಪಾಠಿಗಳ ಫೋಟೋಗಳನ್ನು ಸುಮಾರು 90% ಸರಿಯಾಗಿ ಗುರುತಿಸಿದ್ದರು. ನೆನಪಿನಿಂದ ಹೆಸರು ಹೇಳೋದು ಜಾಸ್ತಿ ಕಷ್ಟವಾಗಿತ್ತು.

ವಾಪಸ್ ಬರುವಾಗ ಗಾಡಿಯಲ್ಲಿ ಒಬ್ಬ ಗೆಳೆಯ, ಕೆಲಸ ಹೋಗಿದೆ ಕಣ್ರೋ ಅಂದ. ಹಿಂದಿನ ಸೀಟಿನ ಇಬ್ಬರು ಅಲ್ಲೇ ಅವನ ರೆಸ್ಯೂಮೆ ಫೋನಿಗೆ ತರಿಸಿಕೊಂಡು ಸಾಲು ಸಾಲಾಗಿ ತಿದ್ದಿದರು. ದುಡ್ಡಿನ ಮುಜುಗರ ಮೊದಲೇ ಹೋಗಿದ್ದಕ್ಕೇ ಅವನು ಬಾಯಿ ಬಿಟ್ಟ ಅಂತ ನನಗನ್ನಿಸುತ್ತೆ. ಸಲಹೆ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.